ಉಪ್ಪಿಟ್ಟಿಗೂ ಮೈಲಿಗೆ

ಏಕಾದಶಿಗೆ ಅನ್ನ ಬಿಟ್ಟು ಎರಡು ತಟ್ಟೆ ಉಪ್ಪಿಟ್ಟು ಬಾರಿಸುವುದೇ ಉಪವಾಸ ಎಂದುಕೊಂಡವರು ಯಹೂದಿಗಳ ಪಸ್ಕ ಹಬ್ಬದ ವಾರ ಜೆರುಸಲೇಮಿಗೆ ಹೋದರೆ ಲೆಕ್ಕ ತಲೆಕೆಳಗು. ಅಲ್ಲಿ ಅನ್ನಕ್ಕಾದರೂ ಅಷ್ಟಿಷ್ಟು ರಿಯಾಯಿತಿ ಉಂಟು, ರವೆಗೆ ಇಲ್ಲವೇ ಇಲ್ಲ.

ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ – ಈ ಐದರ ಹಿಟ್ಟಿಗೆ ನೀರು ಸೋಕಿ 18 ನಿಮಿಷದೊಳಗೆ ಬೇಯದಿದ್ದರೆ ಅದು ‘ಹಮೇಟ್ಸ್’. ಇಸ್ರೇಲಿನಲ್ಲಿ ಏಳು ದಿನ ಅದನ್ನು ತಿನ್ನುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಹಬ್ಬದ ಮುನ್ನಾದಿನ ಬೆಳಿಗ್ಗೆ ಬೀದಿ ಬದಿಯಲ್ಲಿ ಉಳಿದ ಬ್ರೆಡ್ಡಿಗೆ ಬೆಂಕಿ ಇಡುತ್ತಾರೆ. ಊರೆಲ್ಲ ಸೀದ ಟೋಸ್ಟಿನ ವಾಸನೆ. ಸೂಪರ್ ಮಾರ್ಕೆಟ್ಟಿನಲ್ಲಿ ಬಿಸ್ಕತ್ತು, ಪಾಸ್ತಾ, ಬಿಯರುಗಳ ಕಪಾಟಿಗೆ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಕಂಡರೂ ಕೈಗೆ ಸಿಗದು.

ಅಕ್ಕಿ, ಬೇಳೆ, ಕಡಲೆ, ಸಾಸಿವೆಗಳದ್ದು ಬೇರೆ ಜಾತಿ, ‘ಕಿಟ್ನಿಯೋಟ್’. ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಸಂಪ್ರದಾಯಸ್ಥರು ಇದನ್ನೂ ಮುಟ್ಟರು. ಸ್ಪೇನ್, ಉತ್ತರ ಆಫ್ರಿಕಾ ಕಡೆಯ ಸೆಫಾರ್ಡಿಗಳಲ್ಲಿ ಅನೇಕರು ಅಕ್ಕಿಯನ್ನು ಮೂರು ಸಲ ಆರಿಸಿ ಅನ್ನ ಮಾಡುತ್ತಾರೆ. ನಮ್ಮ ಒಗ್ಗರಣೆಯ ಮೊಸರನ್ನ ಒಂದು ಮನೆಯಲ್ಲಿ ಹಬ್ಬದೂಟ, ಪಕ್ಕದ ಮನೆಯಲ್ಲಿ ಮೈಲಿಗೆ. ಮಡಿಯ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿಕ್ಕಿಬೀಳುವುದು ಊರಿಂದ ಒಯ್ದ ಬುತ್ತಿಯಲ್ಲಿ. ಕೋಡುಬಳೆಗೆ ಮೈದಾ, ಚಿರೋಟಿ ರವೆ ಬಿದ್ದಿರುತ್ತದೆ, ಅದು ಹೋಗಲಿ. ಆದರೆ ಚಟ್ನಿಪುಡಿ? ಅದರಲ್ಲಿ ಇಂಗಿದೆ. ಡಬ್ಬಿಯ ಇಂಗು ಬರೀ ಇಂಗಲ್ಲ, ಅದಕ್ಕೆ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆಸಿರುತ್ತಾರೆ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ ನೋಡಿ. ನಿಮ್ಮ ಕೋಣೆಯಲ್ಲಿ ನೀವು ತಿಂದರೆ ಕಾನೂನು ಅಡ್ಡ ಬರುವುದಿಲ್ಲ. ಕೋಷರ್ (ಯಹೂದಿ ಊಟದ ಕಟ್ಟಳೆ ಪಾಲಿಸುವ) ಹೋಟೆಲಿನ ಊಟದ ಹಾಲಿನಲ್ಲಿ ಮಾತ್ರ ಆ ಡಬ್ಬಿ ತೆಗೆಯಬೇಡಿ. ಇಡೀ ಅಡುಗೆಮನೆಯನ್ನು ತಿಕ್ಕಿ ತೊಳೆದು ಹಬ್ಬಕ್ಕೆ ಸಜ್ಜು ಮಾಡಿರುತ್ತಾರೆ ಪಾಪ.

ಬ್ರೆಡ್ಡಿನ ಜಾಗದಲ್ಲಿ ಬರುವುದು ಮಾಟ್ಜಾ: ಚೌಕನೆಯ, ಉಪ್ಪಿಲ್ಲದ, ಒಣಒಣ ಹಾಳೆ. ಹಪ್ಪಳದ ಗರಿಗರಿ ಇದೆ, ಹಪ್ಪಳದ ರುಚಿ ಇಲ್ಲ. ಅದರ ಮೇಲೆ ಸಾಲಾಗಿ ತೂತುಗಳಿರುತ್ತವೆ. ಆ ಸಾಲಿನುದ್ದಕ್ಕೆ ಮುರಿದರೆ ನೀಟಾಗಿ ಎರಡು ಹೋಳು. ಅಡ್ಡಡ್ಡ ಮುರಿದರೆ ಒಂದು ಹೋಳು ಕೈಯಲ್ಲಿ, ಉಳಿದದ್ದು ಮಡಿಲಲ್ಲಿ. ಫ್ರಿಜ್ಜಿಂದ ತೆಗೆದ ಗಟ್ಟಿ ಬೆಣ್ಣೆ ಸವರಲು ಹೋದರೆ ಬೆಣ್ಣೆ ಗೆಲ್ಲುತ್ತದೆ. ಮೂರನೆಯ ದಿನದ ಬೆಳಿಗ್ಗೆ ಹೊಟ್ಟೆ ಮುಷ್ಕರ ಹೂಡುವುದೂ ಇದರಿಂದಲೇ. ಆದ್ದರಿಂದ ಮೊದಲ ದಿನದಿಂದಲೇ ನೀರು, ಸೌತೆಕಾಯಿ, ಒಣದ್ರಾಕ್ಷಿ ಜೊತೆಗಿರಲಿ.

ಸಸ್ಯಾಹಾರಿಗಳಿಗೆ ‘ಹಲಾವಿ’ ಎಂದರೆ ಹಾಲಿನ ಅಡುಗೆಯ ಹೋಟೆಲು ವಾಸಿ. ಅಲ್ಲಿ ಮಾಂಸ ಕಾಲಿಡದು. ಮೀನು ಮಾತ್ರ ಧಾರಾಳ, ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ! ಇಷ್ಟೆಲ್ಲ ಗೊಡವೆ ಬೇಡವೆಂದರೆ ದಮಾಸ್ಕಸ್ ಬಾಗಿಲಿನಿಂದ ಹಳೇ ಊರಿನೊಳಗೆ ಇಳಿಯಿರಿ. ಅರಬ್ಬರ ಅಂಗಡಿಗಳಲ್ಲಿ ಹಮ್ಮಸ್, ಫಲಾಫೆಲ್, ಎಳ್ಳು ಮೆತ್ತಿದ ಉದ್ದನೆಯ ಬಳೆಯಂಥ ಕಅಕ್ ರೊಟ್ಟಿ ಸಿಗುತ್ತದೆ. ಚಿಲ್ಲರೆ ಶೆಕೆಲ್ ಇಟ್ಟುಕೊಂಡಿರಿ. ಆ ರೊಟ್ಟಿಯನ್ನು ಕಡಿಯುತ್ತಲೇ ಯಹೂದಿಗಳು ಪ್ರಾರ್ಥಿಸುವ ಪಶ್ಚಿಮ ಗೋಡೆಯ ಕಡೆ ನಡೆಯಬೇಡಿ; ಅಲ್ಲೇ ಮುಗಿಸಿ, ಎಳ್ಳು ಕೊಡವಿಕೊಂಡು ಹೊರಡಿ.

ಸುತ್ತಾಟದ ವಿಷಯಕ್ಕೆ ಬಂದರೆ, ಮೊದಲನೆಯ ಮತ್ತು ಏಳನೆಯ ದಿನ ಸಬ್ಬತ್ತಿನ (ಶಬ್ಬತ್, ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ವಾರದ ವಿಶ್ರಾಂತಿಯ ದಿನ) ಹಾಗೆ: ಟ್ರಾಮ್, ರೈಲು, ಯಹೂದಿ ಬಡಾವಣೆಗಳ ಬಸ್ಸು ಯಾವುದೂ ಇಲ್ಲ. ಬಂದ್ ಶುರುವಾಗುವುದು ಮುನ್ನಾದಿನ ಮಧ್ಯಾಹ್ನವೇ (2026ರಲ್ಲಿ ಆ ದಿನ ಏಪ್ರಿಲ್ 1). ಅವತ್ತು ಸಂಜೆ ವಿಮಾನ ಇಳಿಯುವವರಿಗೆ ಟ್ಯಾಕ್ಸಿಯೇ ಗತಿ, ಟ್ಯಾಕ್ಸಿಯವರಿಗೂ ಅದು ಗೊತ್ತು. ಹೋಟೆಲಿನ ‘ಶಬ್ಬತ್ ಲಿಫ್ಟ್’ ಗುಂಡಿ ಒತ್ತದೆಯೇ ಓಡುತ್ತದೆ, ಪ್ರತಿ ಮಹಡಿಯಲ್ಲೂ ನಿಲ್ಲುತ್ತದೆ. ಹನ್ನೊಂದನೇ ಮಹಡಿಯವರು ತಿಂಡಿಗೆ ಹತ್ತು ನಿಮಿಷ ಮೊದಲೇ ಹೊರಡುವುದು ಲೇಸು. ನಡುವಿನ ಐದು ದಿನ, ಅದರಲ್ಲಿ ಸಬ್ಬತ್ತು ಬಿದ್ದರೆ ಅದೊಂದು ಬಿಟ್ಟು, ಎಲ್ಲ ಓಡಾಡುತ್ತದೆ, ಆದರೆ ಮಕ್ಕಳಿಗೆ ರಜೆ. ಮೃತ ಸಮುದ್ರದ ಬದಿಯ ಮಸಾಡ ಕೋಟೆ, ಎನ್ ಗೆದಿ ಓಯಸಿಸ್‌ಗಳಲ್ಲಿ ಜಾತ್ರೆ. ಟಿಕೆಟ್ಟು ಮೊದಲೇ ಆನ್‌ಲೈನಿನಲ್ಲಿ ತೆಗೆದಿಡಿ.

ಏಳನೆಯ ದಿನದ ಕತ್ತಲಾದ ಮೇಲೆ ಪಿಜ್ಜಾ ತಿನ್ನೋಣವೆಂದು ಹೊರಟವರು ಒಂದು ಬಾಟಲಿ ನೀರು ಹಿಡಿದೇ ಹೋಗಬೇಕು. ವಾರವೆಲ್ಲ ಮಾಟ್ಜಾ ಮುರಿದ ಊರಿಗೆ ಊರೇ ಆಗಲೇ ಕ್ಯೂನಲ್ಲಿ ನಿಂತಿರುತ್ತದೆ, ಹಿಟ್ಟು ಇನ್ನೂ ಉಬ್ಬುತ್ತಿರುತ್ತದೆ.