ಸ್ಪಷ್ಟನೆ: ಟಾರ್ಚಿನ ಬೆಳಕನ್ನು ಸೆಲ್ ಎಣಿಸಿ ಹೇಳಲಾಗದು

‘ಮೂರು ಸೆಲ್ಲಿನ ಹಳೇ ಟಾರ್ಚಿನ ಮುಂದೆ ಒಂದು ಸೆಲ್ಲಿನ ಎಲ್‌ಇಡಿ ಏನೂ ಅಲ್ಲ, ಸೆಲ್ ಜಾಸ್ತಿ ಇದ್ದಷ್ಟೂ ಬೆಳಕು ಜಾಸ್ತಿ’ ಎಂಬ ಮಾತು ಶಿರಸಿ ಕಡೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ತಪ್ಪು. ಅಂಥ ಮೂರು ಸೆಲ್ಲಿನ ಒಂದೇ ಬ್ರಾಂಡಿನ ಟಾರ್ಚ್ ಹಿಡಿದು ಮೂವತ್ತು ವರ್ಷ ಅಡಿಕೆ ತೋಟ ತಿರುಗಿದವನು ನಾನು.

ಮೂರು ದಪ್ಪ ಸೆಲ್ ಸೇರಿದರೆ 4.5 ವೋಲ್ಟ್. ಒಂದು ಲಿಥಿಯಂ ಸೆಲ್ಲೇ ಸುಮಾರು 3.7 ವೋಲ್ಟ್ ಕೊಡುತ್ತದೆ. ಅದಕ್ಕಿಂತ ಮುಖ್ಯ ಬಲ್ಬು. ಹಳೇ ಬಲ್ಬಿನೊಳಗೆ ತಂತಿ ಕಾದು ಉರಿಯುತ್ತದೆ. ಸೆಲ್ಲಿನ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಎಲ್‌ಇಡಿಯಲ್ಲಿ ಅಷ್ಟು ಪೋಲಾಗುವುದಿಲ್ಲ. ಕೊಳ್ಳುವಾಗ ಡಬ್ಬಿಯ ಮೇಲಿನ ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ) ಅಂಕಿ ನೋಡಿ.

ಹಳೇದು ಗಟ್ಟಿ, ನಿಜ. ಸಂಕದ ಮೇಲಿಂದ ಹಳ್ಳಕ್ಕೆ ಬಿದ್ದ ನನ್ನ ಟಾರ್ಚ್ ಒರೆಸಿದ ಕೂಡಲೇ ಹತ್ತಿತ್ತು. ಅದಕ್ಕೇ ನನಗೆ ಬೇಜಾರು. ಆ ಕಂಪನಿಯವರು ಅದೇ ಗಟ್ಟಿ ಮೈಯೊಳಗೆ ಚಾರ್ಜ್ ಆಗುವ ಸೆಲ್, ಒಳ್ಳೇ ಎಲ್‌ಇಡಿ ಹಾಕಿ ಕೊಡಬಹುದಿತ್ತು, ಅಲ್ವಾ? ಹೋದ ಮಳೆಗಾಲ ಹಿಂದಿನ ಮುಚ್ಚಳ ತಿರುಗಿಸಿದರೆ ಸೆಲ್ ಸೋರಿ, ಸ್ಪ್ರಿಂಗಿಗೆಲ್ಲ ಬಿಳಿ ಪುಡಿ ಮೆತ್ತಿಕೊಂಡಿತ್ತು. ಈಗ ರಾತ್ರಿ ತೋಟಕ್ಕೆ ಒಯ್ಯುವುದು ಬೇರೆ ಬ್ರಾಂಡಿನದು.