ಸರಕಾರವನ್ನು ಕೇಳಿ ಸೇದಿದ್ದೀರಾ?

ಸೇದಿಲ್ಲ. ನನ್ನ ಅಮ್ಮ ಈ ಜನ್ಮದಲ್ಲಿ ಒಂದೇ ಒಂದು ಬೀಡಿ ಸೇದಿಲ್ಲ. ಈ ಮಾತನ್ನು ಶುಕ್ರವಾರ ಆಸ್ಪತ್ರೆಯ ಬಿಲ್ಲಿನ ಕೌಂಟರಿನ ಎದುರಿಗೇ ಹೇಳಬೇಕಿತ್ತು. ಗಂಟಲು ಕಟ್ಟಿತು, ಹೇಳಲಿಲ್ಲ. ಮೂರು ದಿನವಾಯಿತು. ಅನ್ನ ಬಡಿಸುವಾಗ, ಬಸ್ಸಿನಲ್ಲಿ ಕುಳಿತಾಗ, ರಾತ್ರಿ ಎಚ್ಚರವಾದಾಗ ಒಬ್ಬಳೇ ಹೇಳಿಕೊಳ್ಳುತ್ತಿದ್ದೇನೆ. ಕೇಳಬೇಕಾದವನು ಮಂಗಳೂರಿನಲ್ಲಿ ಇನ್ಯಾರದೋ ಬೆರಳು ಹಿಡಿದು ಕುಳಿತಿರಬಹುದು.

ಕೇರಳ ಸರಕಾರದ ಚಿಕಿತ್ಸೆಯ ಕಾರ್ಡಿನಲ್ಲಿ ಬಿಲ್ಲು ಹೋಗಬೇಕಾದರೆ ಬೆರಳಚ್ಚು ಆಧಾರಿನದ್ದಕ್ಕೆ ಹೊಂದಬೇಕು. ಆ ಬೆರಳಿನ ಯಂತ್ರದ ಗಾಜು ಒಂದು ಅಂಚೆಚೀಟಿಯಷ್ಟೂ ಇಲ್ಲ. ಒಳಗೊಂದು ಕೆಂಪು ದೀಪ. ಅದರ ಮೇಲೆ ಅಮ್ಮನ ಬಲಗೈ ಹೆಬ್ಬೆರಳು ಇಡಿಸಿದರು. ಹೊಂದಲಿಲ್ಲ. ಒರೆಸಿ ಇಡಿ ಎಂದರು. ಸೀರೆಯ ಸೆರಗಿನಲ್ಲಿ ಒರೆಸಿ ಇಟ್ಟಳು. ಹೊಂದಲಿಲ್ಲ. ಎಡಗೈ. ತೋರುಬೆರಳು. ಉಂಗುರಬೆರಳು. ಒಂದೊಂದು ಸಲವೂ ಪರದೆಯ ಮೇಲೆ ಕೆಂಪು ಅಕ್ಷರ ಮೂಡುತ್ತಿತ್ತು, ಒಂದೊಂದು ಸಲವೂ ಅಮ್ಮ ನನ್ನ ಮುಖ ನೋಡುತ್ತಿದ್ದಳು, ತಾನೇ ಏನೋ ತಪ್ಪು ಮಾಡಿದ ಹಾಗೆ. ಆರು ದಿನ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಸಿಕೊಂಡು ಮಲಗಿದ್ದವಳು. ಕೊಳವೆ ಉಜ್ಜಿದ ಗೆರೆ ಕೆನ್ನೆಯ ಮೇಲೆ ಇನ್ನೂ ಕೆಂಪಗೆ ಇತ್ತು. ಗಾಲಿಕುರ್ಚಿಯಿಂದ ಕೌಂಟರಿಗೆ ಕೈ ಎಟಕದು ಎಂದು ಎದ್ದು ನಿಂತಿದ್ದಳು. ನಿಂತರೆ ಏದುಸಿರು.

ಆಗ ಕೌಂಟರಿನ ಹುಡುಗ ಅಮ್ಮನ ಹೆಬ್ಬೆರಳನ್ನು ಹಿಡಿದು ಬೆಳಕಿಗೆ ಎತ್ತಿದ. ತಿರುಗಿಸಿ ನೋಡಿದ. ಅದು ಕಂದು ಬಣ್ಣ, ಒಣಗಿದ ಅಡಿಕೆ ಸಿಪ್ಪೆಯ ಹಾಗೆ. ತುದಿಯಲ್ಲಿ ಗೆರೆಗಳೇ ಇಲ್ಲ, ನುಣ್ಣಗೆ. "ಬೀಡಿಯಾ?" ಎಂದ. ಅಮ್ಮ ತಲೆಯಾಡಿಸಿದಳು, ಹೌದು ಎಂದು. ಅವಳಿಗೆ ಬೀಡಿ ಎಂದರೆ ಕಟ್ಟುವುದು. ಬೇರೆ ಅರ್ಥ ಅವಳ ತಲೆಗೆ ಬರುವುದೇ ಇಲ್ಲ. ಅವನು ಕಾಗದದಲ್ಲಿ ಶ್ವಾಸಕೋಶ, ತಂಬಾಕು ಎಂದು ಏನೋ ಇದ್ದುದನ್ನು ನೋಡಿದ, ನಕ್ಕ, ಹಿಂದೆ ಸಾಲಿನಲ್ಲಿ ನಿಂತವರಿಗೂ ಕೇಳುವ ಹಾಗೆ ಹೇಳಿದ: "ಅಜ್ಜೀ, ಸೇದುವಾಗ ಸರಕಾರವನ್ನು ಕೇಳಿ ಸೇದಿದ್ದೀರಾ? ಈಗ ಬಿಲ್ಲು ಮಾತ್ರ ಸರಕಾರ ಕಟ್ಟಬೇಕಾ?"

ಹಿಂದಿನಿಂದ ಒಬ್ಬರು, ಇಸ್ತ್ರಿ ಮಾಡಿದ ಅಂಗಿಯವರು, "ನಾವು ತೆರಿಗೆ ಕಟ್ಟುವುದು ಇದಕ್ಕೇ" ಎಂದರು. ಎರಡು ಮೂರು ಜನ ನಕ್ಕರು. ಅಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಹಾಕಿದಳು. ಅಷ್ಟೇ. ಇಡೀ ಘಟನೆ ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ನಾನು ಮಾತ್ರ ಇನ್ನೂ ಅಲ್ಲೇ ನಿಂತಿದ್ದೇನೆ.

ಆಮೇಲೆ ನಡೆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆರಳು ಹೊಂದದಿದ್ದರೆ ಮೊಬೈಲಿಗೆ ಬರುವ ಸಂಖ್ಯೆ ಹೇಳಬೇಕಂತೆ. ಆಧಾರಿಗೆ ಕೊಟ್ಟದ್ದು ತಮ್ಮನ ಹಳೆಯ ನಂಬರು, ಅವನು ದುಬಾಯಿಗೆ ಹೋದ ವರ್ಷವೇ ಅದು ಸತ್ತಿದೆ. ಮೊದಲೇ ಕೇರಳದ ಕಾರ್ಡು ಎಂದು ಎರಡು ದಿನ ಎಳೆದಿದ್ದರು. ಕೊನೆಗೆ ಕಾರ್ಡನ್ನು ಎರಡು ಬೆರಳ ನಡುವೆ ಹಿಡಿದು ನನ್ನ ಕಡೆ ತಳ್ಳಿ, "ನಿಮ್ಮ ಊರಿಗೇ ಹೋಗಿ ಸರಿ ಮಾಡಿಸಿಕೊಂಡು ಬನ್ನಿ ಅಕ್ಕ, ಈಗ ಹಣ ಕಟ್ಟಿ" ಎಂದ. 71,300 ರೂಪಾಯಿ. ಅಮ್ಮನ ಎರಡು ಬಳೆ ಸೊಸೈಟಿಯಲ್ಲಿ ಅಡವಿದೆ. ಊರಿನ ಕಚೇರಿಯಲ್ಲಿ ಕೇಳಿದರೆ, ಮಂಗಳೂರಿಗೆ ಯಾಕೆ ಹೋದಿರಿ ಎಂದು ನನ್ನನ್ನೇ ಕೇಳುತ್ತಾರೆ. ಎಲ್ಲಿಗೆ ಹೋಗಬೇಕಿತ್ತು? ರಾತ್ರಿ ಎರಡು ಗಂಟೆಗೆ ತುಟಿ ನೀಲಿಗಟ್ಟಿದ ಮುದುಕಿಯನ್ನು ಕರೆದುಕೊಂಡು ಕಾಸರಗೋಡು ಜಿಲ್ಲೆಯ ಉಪ್ಪಳದಿಂದ ಯಾರಾದರೂ ತೆಂಕಕ್ಕೆ ಹೋಗುತ್ತಾರೆಯೇ? ಗಡಿಯ ತಲಪಾಡಿ ದಾಟಿದರೆ ಮಂಗಳೂರು. 2020ರ ಕೊರೊನಾ ಸಮಯದಲ್ಲಿ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸಿನಲ್ಲೇ ಜೀವ ಬಿಟ್ಟವರು ನಮ್ಮ ಕಡೆಯವರು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸ ಮಾಡಿದ್ದು 2013ರಲ್ಲಿ. ಇಷ್ಟು ವರ್ಷವಾದರೂ ಎದೆ ಬಿಗಿದರೆ ನಮ್ಮ ಕಾಲು ಎಳೆಯುವುದು ಬಡಗಣ ಮಂಗಳೂರಿಗೇ. ಇದನ್ನು ಯಾರಿಗೆ ಹೇಳಿ ಏನು ಪ್ರಯೋಜನ? ಆ ಕಡೆಯವರಿಗೆ ನಾವು ಕೇರಳದವರು, ಈ ಕಡೆಯವರಿಗೆ ಕನ್ನಡದವರು.

ಹಣದ ಮಾತು ಬಿಡಿ. ಬಳೆ ಇವತ್ತಲ್ಲ ನಾಳೆ ಬಿಡಿಸಿಕೊಳ್ಳಬಹುದು. ಆ ಮಾತನ್ನು ಹೇಗೆ ಬಿಡಿಸಿಕೊಳ್ಳುವುದು?

ಅಮ್ಮ ಹದಿನಾಲ್ಕನೇ ವಯಸ್ಸಿಗೆ ಮಡಿಲಲ್ಲಿ ಮೊರ ಇಟ್ಟುಕೊಂಡವಳು. ಈಗ ಅರವತ್ತಮೂರು. ತಗಡಿನ ಅಳತೆ ಇಟ್ಟು ಎಲೆ ಕತ್ತರಿಸಬೇಕು, ಚಿಟಿಕೆ ಹೊಗೆಸೊಪ್ಪು ಹರಡಬೇಕು, ಸುತ್ತಬೇಕು, ಉಗುರಿನಿಂದ ತುದಿ ಮಡಚಬೇಕು, ನೂಲು ಕಟ್ಟಬೇಕು. ದಿನಕ್ಕೆ ಸಾವಿರ. ಒಂದೊಂದು ಬೀಡಿಗೂ ಹೆಬ್ಬೆರಳು ಎಲೆಯ ಮೇಲೆ ಉಜ್ಜಿ ಉರುಳಬೇಕು. ಬೆರಳಿನ ಗೆರೆಗಳು ಹೋದದ್ದು ಹೀಗೆ. ಮೊರದಿಂದ ಏಳುವ ಪುಡಿಗೆ ನಾವು ಮಕ್ಕಳು ಸೀನುತ್ತಿದ್ದೆವು, ಅಮ್ಮ ಸೀನುತ್ತಿರಲಿಲ್ಲ, ಅವಳಿಗೆ ಅಭ್ಯಾಸವಾಗಿತ್ತು. ಮಳೆಗಾಲದಲ್ಲಿ ಎಲೆ ತಂಪು ಹಿಡಿಯುತ್ತದೆ ಎಂದು ಬಾಗಿಲು ಕಿಟಕಿ ಮುಚ್ಚಿ ಒಳಗೇ ಕಟ್ಟುತ್ತಿದ್ದಳು. ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದ ಕಟ್ಟಿನಿಂದ ಸರಿಯಿಲ್ಲ ಎಂದು ಎತ್ತಿ ಹಾಕಿದ ಬೀಡಿಗೆ ಕೂಲಿ ಇರಲಿಲ್ಲ. ಆ ದುಡ್ಡಿನಲ್ಲಿ ನನ್ನ ಹತ್ತನೇ ತರಗತಿ ಆಯಿತು, ತಮ್ಮನ ಪಾಸ್‌ಪೋರ್ಟ್ ಆಯಿತು, ಮನೆಗೆ ಹಂಚು ಬಂತು.

ಬೀಡಿಯ ಪೊಟ್ಟಣದ ಮೇಲೆ ಚಿತ್ರದ ಎಚ್ಚರಿಕೆ ಇರುತ್ತದೆ, 2016ರಿಂದ ಪೊಟ್ಟಣದ 85 ಶೇಕಡಾ ಭಾಗ ಅದೇ ಇರಬೇಕು ಎಂಬ ನಿಯಮ. ಸೇದುವವನಿಗೆ ಅಷ್ಟು ದೊಡ್ಡದಾಗಿ ಹೇಳಿದ್ದಾರೆ. ಕಟ್ಟುವವಳಿಗೆ ಯಾರು ಹೇಳಿದರು? ಅವಳ ಮೊರದ ಮೇಲೆ ಯಾವ ಚಿತ್ರ ಇತ್ತು? ಮೂಗಿಗೆ ಒಂದು ಬಟ್ಟೆ ಕಟ್ಟಿಕೋ ಎಂದು ನಲವತ್ತು ವರ್ಷದಲ್ಲಿ ಒಬ್ಬನಾದರೂ ಹೇಳಿದ್ದರೆ ನಾನು ಅವನ ಕಾಲಿಗೆ ಬೀಳುತ್ತೇನೆ.

ತೆರಿಗೆಯ ಮಾತು ಎತ್ತಿದಿರಲ್ಲ, ಇಸ್ತ್ರಿ ಅಂಗಿಯವರೇ, ಇದನ್ನೂ ಕೇಳಿ. ಬೀಡಿಯ ಮೇಲೆ ಒಂದು ಸೆಸ್ ಇತ್ತು. 1976ರ ಕಾನೂನು. ಅಮ್ಮನಂಥವರ ಆಸ್ಪತ್ರೆ, ಔಷಧ, ಮಕ್ಕಳ ವಿದ್ಯಾರ್ಥಿವೇತನಕ್ಕೆಂದೇ ಆ ಹಣ. ನನಗೂ ಶಾಲೆಯಲ್ಲಿ ಒಮ್ಮೆ ಬಂದಿತ್ತು, ಆ ವರ್ಷದ ಚೀಲ ಅದರದ್ದೇ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸನ್ನು ತೆಗೆದರು. ಬೀಡಿಯ ಮೇಲೆ 28 ಶೇಕಡಾ ಜಿಎಸ್‌ಟಿ ಹಾಕಿದರು, 2025ರ ಸೆಪ್ಟೆಂಬರಿನಲ್ಲಿ ಅದನ್ನು 18ಕ್ಕೆ ಇಳಿಸುವ ತೀರ್ಮಾನ ಮಾಡಿದರು. ಅಂದರೆ ಸೇದುವವನಿಂದ ಸರಕಾರ ತೆರಿಗೆ ತೆಗೆದುಕೊಳ್ಳುತ್ತಲೇ ಇದೆ, ಕಟ್ಟಿದವಳ ಹೆಸರಿನಲ್ಲಿ ಎತ್ತಿಡುತ್ತಿದ್ದ ಪಾಲು ಮಾತ್ರ ನಿಂತಿತು. ಅಮ್ಮನ ಕೈಯಿಂದ ದಾಟಿದ ಒಂದೊಂದು ಬೀಡಿಯಲ್ಲೂ ಸರಕಾರದ ಪಾಲು ಇತ್ತು. ಹಾಗಿರುವಾಗ ಸರಕಾರವನ್ನು ಕೇಳಿದ್ದೀರಾ ಎಂದರೆ ಏನರ್ಥ? ಪರವಾನಗಿ ಕೊಟ್ಟದ್ದು ಸರಕಾರ, ಪಿಎಫ್ ಹಿಡಿದದ್ದು ಸರಕಾರ, ಗುರುತಿನ ಚೀಟಿ ಕೊಟ್ಟದ್ದು ಸರಕಾರ. ಕೇಳಿಯೇ ಕಟ್ಟಿದ್ದಾಳೆ ನನ್ನ ಅಮ್ಮ!

ಪಿಎಫ್ ಎಂದೆನಲ್ಲ, ಅವಳಿಗೆ ಬರುವ ಪಿಂಚಣಿ ತಿಂಗಳಿಗೆ ಒಂದು ಸಾವಿರ. 2014ರಲ್ಲಿ ಅದಕ್ಕಿಂತ ಕಡಿಮೆ ಆಗಬಾರದು ಎಂದು ಗೊತ್ತು ಮಾಡಿದ ಆ ಸಾವಿರವೇ ಇವತ್ತಿಗೂ. ಅವಳು ಸೇದುವುದು ಒಂದೇ, ಇನ್‌ಹೇಲರ್. ಕುಟುಂಬ ಆರೋಗ್ಯ ಕೇಂದ್ರದಲ್ಲಿ ಅದು ಪುಕ್ಕಟೆ ಸಿಗುತ್ತದೆ, ಅಲ್ಲಿನ ನರ್ಸು ಒಳ್ಳೆಯವರು, ಹೇಗೆ ಎಳೆದುಕೊಳ್ಳಬೇಕು ಎಂದು ನಾಲ್ಕು ಸಲ ತೋರಿಸಿಕೊಟ್ಟವರು. ಆದರೆ ಈ ಸಲ ಎರಡು ತಿಂಗಳು ಸ್ಟಾಕ್ ಇಲ್ಲ ಎಂದರು. ಹೊರಗೆ ಕೊಂಡೆ. ಎರಡನೇ ತಿಂಗಳು ಅಮ್ಮ ನನಗೆ ಹೇಳದೆ ದಿನಕ್ಕೆ ಎರಡು ಸಲ ಎಳೆಯಬೇಕಾದದ್ದನ್ನು ಒಂದು ಸಲ ಎಳೆದಳು. ಉಳಿಸಿದಳು. ಉಳಿಸಿದ್ದಕ್ಕೆ ಈಗ 71,300.

ನನಗೆ ಅರ್ಥವಾಗದೆ ತಲೆ ಕೆಟ್ಟದ್ದು ಇಲ್ಲಿಯೇ. ಐದು ಲಕ್ಷದ ಕಾರ್ಡು ಇದೆ ನಮ್ಮ ಮನೆಯಲ್ಲಿ, ಕೇರಳ ಸರಕಾರದ ಕಾರುಣ್ಯ ಆರೋಗ್ಯ ಯೋಜನೆಯದ್ದು. ಅದು ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ. ದಾಖಲಾಗುವ ಮೊದಲಿನ ಮೂರು ದಿನ, ಬಿಟ್ಟು ಬಂದ ಮೇಲಿನ ಹದಿನೈದು ದಿನ, ಅಷ್ಟರದ್ದೇ ಲೆಕ್ಕ. ಮಲಗದ ಹಾಗೆ ಕಾಯುವ ಔಷಧಕ್ಕೆ ಆ ಕಾರ್ಡಿನಲ್ಲಿ ಒಂದು ಪೈಸೆ ಇಲ್ಲ. ಅಮ್ಮ ತನ್ನ ಜವಾಬ್ದಾರಿ ತಾನು ನೋಡಿಕೊಳ್ಳಬೇಕಾದರೆ ತಿಂಗಳು ತಿಂಗಳು ಬೇಕಾದದ್ದು ಆ ಇನ್‌ಹೇಲರ್. ಅದು ನಿಂತಾಗ ಯಾರೂ ಕೇಳಲಿಲ್ಲ. ಉಸಿರು ನಿಲ್ಲುವ ಹೊತ್ತಿಗೆ ಜವಾಬ್ದಾರಿಯ ಪಾಠ ಹೇಳಿದರು.

ಇದರ ಮೇಲೆ ನನ್ನ ಭಾವ ಬೇರೆ. ಆದಿತ್ಯವಾರ ನೋಡಲು ಬಂದವರು ಚಹಾ ಕುಡಿಯುತ್ತ, "ನೀವು ಮೊದಲೇ ಒಂದು ಆರೋಗ್ಯ ವಿಮೆ ಮಾಡಿಸಬೇಕಿತ್ತು, ಈಗ ಅದಕ್ಕೆ ಜಿಎಸ್‌ಟಿಯೂ ಇಲ್ಲ" ಎಂದರು. ಅವರು ಕೆಟ್ಟವರಲ್ಲ. ರಾತ್ರಿ ವಾರ್ಡಿನ ಹೊರಗೆ ನಿದ್ದೆಗೆಟ್ಟು ಕುಳಿತವರು ಅವರೇ. ಆದರೂ ನನಗೆ ರೇಗಿತು. ವಿಚಾರಿಸಿದ್ದೇನೆ ಭಾವ, ಎರಡು ವರ್ಷದ ಹಿಂದೆಯೇ ವಿಚಾರಿಸಿದ್ದೇನೆ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕು ಎಂದರು. ಕಟ್ಟುವ ಕಂತು ಕೇಳಿದರೆ ಅಮ್ಮನ ವರ್ಷದ ಪಿಂಚಣಿ ಮುಗಿದು ಮತ್ತೆ ನನ್ನ ಕೈಯಿಂದ ಹಾಕಬೇಕು. ಆಗ ನಾನು ಆಯಿತು ನೋಡುವ ಎಂದು ಫೋನ್ ಇಟ್ಟೆ. ಇಡಬಾರದಿತ್ತೇ? ಇಡಬಾರದಿತ್ತೋ ಏನೋ. ಮೂರು ವರ್ಷ ಇನ್ನೂ ತುಂಬುತ್ತಿರಲಿಲ್ಲ ಎಂದು ಗೊತ್ತು, ಆದರೂ ಹೇಗಾದರೂ ಕಟ್ಟಿದ್ದರೆ ಶುಕ್ರವಾರ ಅಮ್ಮ ಬೆರಳು ತೋರಿಸುವ ಪ್ರಮೇಯ ಬರುತ್ತಿರಲಿಲ್ಲ. ಈ ಮೂರು ದಿನದಲ್ಲಿ ನೂರು ಸಲ ಹೀಗೆ ಅನಿಸಿದೆ. ಹೀಗೆ ಅನಿಸುವಂತೆ ಮಾಡಿದ್ದಾರಲ್ಲ, ಅದಕ್ಕೇ ಇಷ್ಟು ಸಿಟ್ಟು. ಅವನು ಒಂದು ಮಾತು ಹೇಳಿದ, ನಾನು ನನ್ನದೇ ತಪ್ಪು ಹುಡುಕುತ್ತ ಕುಳಿತಿದ್ದೇನೆ.

ಪುಕ್ಕಟೆ ಬೇಕೆಂದು ನಾನು ಹೇಳುತ್ತಿಲ್ಲ. ನನ್ನಿಂದ ಆಗುವಷ್ಟು ಕಟ್ಟುತ್ತೇನೆ, ಕಟ್ಟಿದ್ದೇನೆ ಕೂಡ. ಸೇದಿ ಕಾಯಿಲೆ ತಂದುಕೊಂಡವನಿಗೂ ಒಂದು ಮಾತು ಹೇಳಬೇಡಿ ಎಂದೇನೂ ಅಲ್ಲ, ಡಾಕ್ಟರು ಕೋಣೆಯೊಳಗೆ ಕೂರಿಸಿ ಬೈಯಲಿ, ಬಿಡಿಸಲಿ. ಇಲ್ಲ, ಇದನ್ನೂ ನಾನು ತಪ್ಪು ಹೇಳಿದೆ. ಅಮ್ಮ ಸೇದುವವಳೇ ಆಗಿದ್ದರೆ ಆ ನಗು ಸರಿಯಾಗುತ್ತಿತ್ತೇ? ಉಸಿರು ಸಿಗದೆ ನಿಂತವರ ಬೆರಳು ಎತ್ತಿ ಸಾಲಿಗೆ ತೋರಿಸುವುದು ಸೇದುವವನಿಗೂ ಸಲ್ಲದು. ಯಾರ ಕಾಯಿಲೆ ಯಾರ ತಪ್ಪು ಎಂದು ಹಣ ತೆಗೆದುಕೊಳ್ಳುವ ಕೌಂಟರಿನಲ್ಲಿ ತೀರ್ಮಾನ ಮಾಡುವುದಾದರೆ ನಮ್ಮ ಜಿಲ್ಲೆಯ ಪಡ್ರೆ, ಸ್ವರ್ಗ ಎಂಬ ಊರಿನವರ ತಪ್ಪು ಏನಿತ್ತು? ಸರಕಾರದ್ದೇ ಗೇರು ತೋಟ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 2000ದವರೆಗೆ. ಆ ವಿಷಕ್ಕೆ ಕಾಯಿಲೆಬಿದ್ದ ಮಕ್ಕಳು ಏನು ಸೇದಿದ್ದರು, ಏನು ಕುಡಿದಿದ್ದರು, ಗುಡ್ಡ ಕೊರೆದ ಸುರಂಗದ ನೀರಲ್ಲದೆ? ಅವರಿಗೂ ಐದು ಲಕ್ಷ ಪರಿಹಾರ ಕೊಡಿ, ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಬೇಕಾಯಿತು. ಹೇಳಿದ ಮೇಲೂ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ರಸ್ತೆಯಲ್ಲಿ ಕುಳಿತರು. ನಮ್ಮ ಜಿಲ್ಲೆಯಲ್ಲಿ ಜವಾಬ್ದಾರಿ ಎಂಬ ಶಬ್ದವನ್ನು ಬಡವರ ಎದುರು ಹೇಳುವ ಮೊದಲು ಯಾರಾದರೂ ಸ್ವಲ್ಪ ಯೋಚಿಸಬೇಕು.

ದೂರು ಕೊಡುತ್ತೇನೆ ಎಂದು ಶುಕ್ರವಾರ ರಾತ್ರಿಯೇ ಕಾಗದ ತೆಗೆದೆ. ಯಾರಿಗೆ ಎಂದು ಬರೆಯುವುದು? ಆಸ್ಪತ್ರೆ ಕರ್ನಾಟಕದಲ್ಲಿ, ಕಾರ್ಡು ಕೇರಳದ್ದು, ಬೆರಳಿನ ಲೆಕ್ಕ ಕೇಂದ್ರದ್ದು. "ಮಾನ್ಯರೇ" ಎಂದು ಬರೆದು ಹಾಗೆಯೇ ಇಟ್ಟಿದ್ದೇನೆ. ಆ ಹುಡುಗನ ಮೇಲೆ ದೂರು ಕೊಟ್ಟರೆ ಅವನ ಕೆಲಸ ಹೋಗಬಹುದು, ಅವನ ಅಮ್ಮನೂ ಎಲ್ಲೋ ಬೀಡಿ ಕಟ್ಟಿ ಅವನನ್ನು ಓದಿಸಿರಬಹುದು, ನಮ್ಮ ಕಡೆ ಯಾವ ಮನೆಯಲ್ಲಿ ಕಟ್ಟಿಲ್ಲ? ಬೇಡ ಎಂದುಕೊಳ್ಳುತ್ತೇನೆ. ಮತ್ತೆ ಆ ನಗು ನೆನಪಾಗುತ್ತದೆ, ಪುನಃ ಕಾಗದ ತೆಗೆಯುತ್ತೇನೆ. ಓದಿದವರು ಯಾರಾದರೂ ಹೇಳಿ. ಬೆರಳಿನ ಗೆರೆ ಸವೆದವರು ಎಲ್ಲಿಗೆ ಹೋಗಬೇಕು? ಕಾರ್ಡು ಇದ್ದೂ ಕಟ್ಟಿದ ಹಣವನ್ನು ಯಾವ ಬಾಗಿಲಲ್ಲಿ ಕೇಳಬೇಕು? ಗೊತ್ತಿದ್ದವರು ಒಂದು ಸಾಲು ಬರೆದರೂ ಸಾಕು. ವಿಮೆ ಮಾಡಿಸಬೇಕಿತ್ತು ಎನ್ನುವವರು ದಯವಿಟ್ಟು ಬರೆಯಬೇಡಿ.

ನಾಡಿದ್ದು ಬುಧವಾರ ಅದೇ ಆಸ್ಪತ್ರೆಗೆ ಪುನಃ ತೋರಿಸಲು ಹೋಗಬೇಕು, ಅದೇ ಕೌಂಟರಿನಲ್ಲಿ ಚೀಟಿ ಮಾಡಿಸಬೇಕು. ಇವತ್ತು ಬೆಳಗ್ಗೆ ಅಮ್ಮ ಕಾಣಲಿಲ್ಲ ಎಂದು ಹುಡುಕಿಕೊಂಡು ಹೋದರೆ ಬಾವಿಕಟ್ಟೆಯ ಹತ್ತಿರ ಕುಳಿತಿದ್ದಳು. ತೆಂಗಿನ ನಾರಿಗೆ ಹುಣಸೆಹುಳಿ, ಬೂದಿ ಹಚ್ಚಿಕೊಂಡು ಹೆಬ್ಬೆರಳನ್ನು ಉಜ್ಜುತ್ತಿದ್ದಳು. ದೇವರ ಮುಂದಿನ ಕಂಚಿನ ದೀಪ ಉಜ್ಜುವ ಹಾಗೆ. ನನ್ನನ್ನು ನೋಡಿ ಕೈಯನ್ನು ನೀರಿನೊಳಗೆ ಅದ್ದಿದಳು. ಸ್ವಲ್ಪ ಹೊತ್ತು ಉಸಿರು ಹಿಡಿದು, "ಬಣ್ಣ ಸ್ವಲ್ಪ ಹೋಗಿದೆ ಅಲ್ಲವಾ?" ಎಂದು ಕೇಳಿದಳು.

ಹೋಗಿದೆ ಅಮ್ಮ ಎಂದೆ. ಹೋಗಿರಲಿಲ್ಲ.