ಅಡಿಕೆ ಸೊಕ್ಕುವುದು ಎಲ್ಲಿ?

ಅಭ್ಯಾಸವಿಲ್ಲದವರು ಹೊಸ ಅಡಿಕೆ ಜಗಿದರೆ ಹಣೆ ಬೆವರುತ್ತದೆ, ಕಿವಿ ಬಿಸಿಯಾಗುತ್ತದೆ, ಬಾಯಿ ತುಂಬ ನೀರು. ‘ಅಡಿಕೆ ಸೊಕ್ಕಿತು’ ಎಂದು ಒಂದು ಲೋಟ ನೀರು ಕೊಟ್ಟರೆ ಮಂಗಳೂರು-ಉಡುಪಿ ಕಡೆ ಮಾತು ಮುಗಿಯಿತು. ನಾನಿರುವ ಕೋಪನ್‌ಹೇಗನ್‌ನಲ್ಲಿ ಅಡಿಕೆ ಮರವೇ ಇಲ್ಲ. ಆದರೆ ಅಡಿಕೆಯೊಳಗಿನ ಅಣುಗಳನ್ನು ಹಿಡಿದು, ನರಕೋಶಗಳ ನಡುವೆ ಸಂದೇಶ ಸಾಗಿಸಿ ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ನ್ಯೂರೋಟ್ರಾನ್ಸ್‌ಮಿಟರ್‌ನ ಬೆನ್ನು ಹತ್ತಿದ ರಸಾಯನ ವಿಜ್ಞಾನಿ ಪೋವ್ಲ್ ಕ್ರೊಗ್ಸ್‌ಗಾರ್ಡ್-ಲಾರ್ಸೆನ್ ಇಲ್ಲಿಯವರು.

ಸೊಕ್ಕಿಗೆ ಮುಖ್ಯ ಕಾರಣ ಅಡಿಕೆಯಲ್ಲಿರುವ ಅರೆಕೊಲಿನ್. ಅದು ದೇಹದ್ದೇ ಸಂದೇಶವಾಹಕವಾದ ಅಸಿಟೈಲ್‌ಕೊಲಿನ್‌ನಂತೆ ನಟಿಸಿ, ಆ ಸಂದೇಶ ಹಿಡಿಯುವ ಮಸ್ಕರಿನಿಕ್ ರಿಸೆಪ್ಟರ್‌ಗಳನ್ನು ಚಾಲೂ ಮಾಡುತ್ತದೆ. ಬೆವರೂ ಜೊಲ್ಲೂ ಅದರಿಂದಲೇ. ಎಲೆಗೆ ಹಚ್ಚಿದ ಸುಣ್ಣದ ಕ್ಷಾರಕ್ಕೆ ಅರೆಕೊಲಿನ್ ಒಡೆದು ಅರೆಕೈಡಿನ್ ಆಗುತ್ತದೆ, ಅಡಿಕೆಯದೇ ಇನ್ನೊಂದು ಅಣು ಗುವಾಕೊಲಿನ್ ಒಡೆದು ಗುವಾಸಿನ್ ಆಗುತ್ತದೆ. (ಸಂಸ್ಕೃತದಲ್ಲಿ ಗುವಾಕ ಎಂದರೆ ಅಡಿಕೆ.) ಈ ಎರಡೂ ಗಾಬಾವನ್ನು ನರಕೋಶದೊಳಗೆ ವಾಪಸು ಎಳೆದುಕೊಳ್ಳುವ ಪಂಪಿಗೆ ಅಡ್ಡ ನಿಲ್ಲುತ್ತವೆ ಎಂದು ಜಾನ್‌ಸ್ಟನ್, ಕ್ರೊಗ್ಸ್‌ಗಾರ್ಡ್-ಲಾರ್ಸೆನ್ ಮತ್ತಿತರರು 1975ರಲ್ಲೇ ತೋರಿಸಿದರು. ಪಂಪು ನಿಂತರೆ ಗಾಬಾ ಹೊರಗೇ ಹೆಚ್ಚು ಹೊತ್ತು ಉಳಿದು ಮಿದುಳನ್ನು ಶಾಂತಗೊಳಿಸುತ್ತದೆ. ಗುವಾಸಿನ್‌ನ ಜೋಡಿಬಂಧ ತೆಗೆದರೆ ನಿಪೆಕೊಟಿಕ್ ಆಮ್ಲ. ಅದರ ಎರಡೂ ತುದಿಯಲ್ಲಿ ವಿದ್ಯುದಂಶ ಇರುವುದರಿಂದ ರಕ್ತದಿಂದ ಮಿದುಳಿಗೆ ದಾಟುವುದು ಕಷ್ಟ. ಎಣ್ಣೆಗೆ ಒಗ್ಗುವ ಬಾಲವೊಂದನ್ನು ಜೋಡಿಸಿದ ಮೇಲೆ ಟಯಾಗಬಿನ್ ಆಯಿತು; ಅಪಸ್ಮಾರಕ್ಕೆ ಬೇರೆ ಔಷಧಿಗಳ ಜತೆ ಕೊಡಲು ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿತು. ಹಾಗಂತ ಅಡಿಕೆ ಜಗಿದರೆ ಮೂರ್ಛೆರೋಗ ವಾಸಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರಿಗೆ ಏನು ಹೇಳುವುದು! ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂಬ ಸಂಗತಿ ಇದರಿಂದ ಒಂದಿಷ್ಟೂ ಬದಲಾಗುವುದಿಲ್ಲ.

ನನ್ನ ತಕರಾರು ಕೆಲಸದ ರೀತಿಯ ಬಗ್ಗೆ. ನಮ್ಮ ಕಡೆಯ ಫಾರ್ಮಸಿ ಪ್ರಬಂಧಗಳಲ್ಲಿ ಗಿಡದ ಎಕ್ಸ್‌ಟ್ರಾಕ್ಟನ್ನು ಕೆಜಿಗೆ 200, 400 ಮಿಲಿಗ್ರಾಂ ಲೆಕ್ಕದಲ್ಲಿ ಇಲಿಗೆ ಕುಡಿಸಿ, ಆತಂಕ ಎಷ್ಟಿದೆ ಎಂದು ನೋಡಲು ಪ್ಲಸ್ ಆಕಾರದ ಮೇಜಿನ ಮೇಲೆ ಓಡಾಡಿಸಿ, ‘ಬಹುಶಃ ಗಾಬಾ ಮೂಲಕ’ ಎಂದು ಬರೆದು ಮುಗಿಸುವ ರೂಢಿ ಬಲವಾಗಿದೆ. ಆ ‘ಬಹುಶಃ’ವನ್ನು ಪರೀಕ್ಷಿಸುವುದೇ ಇಲ್ಲಿನವರ ಕೆಲಸ. ಇಲಿಯ ಮಿದುಳಿನ ಹೊರಪದರವನ್ನು 0.32 ಮೋಲಾರ್ ತಣ್ಣನೆ ಸಕ್ಕರೆ ದ್ರಾವಣದಲ್ಲಿ ಅರೆದು, 1,000 ಜಿ (ಗುರುತ್ವದ ಸಾವಿರ ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಿ ತಳದ ಗಸಿ ಬಿಸಾಡುತ್ತಾರೆ. ಮೇಲಿನ ತಿಳಿಯನ್ನು ಇನ್ನೂ ಜೋರಾಗಿ ತಿರುಗಿಸಿದರೆ ನರತುದಿಗಳ ಚೂರುಗಳು ಸಿಗುತ್ತವೆ. ಅದಕ್ಕೆ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕದ ಗುರುತಿನ ಗಾಬಾ ಹಾಕಿ, ಕೆಲವೇ ನಿಮಿಷದಲ್ಲಿ ಗಾಜಿನ ನಾರಿನ ಫಿಲ್ಟರ್ ಮೇಲೆ ಸೋಸಿ, ಮಂಜುಗಡ್ಡೆಯಷ್ಟು ತಣ್ಣಗಿನ ಬಫರ್‌ನಲ್ಲಿ ತೊಳೆದು, ಉಳಿದ ವಿಕಿರಣವನ್ನು ಎಣಿಸುವುದು. ಒಳಹೋದ ಗಾಬಾವನ್ನು ಕಿಣ್ವ ತಿಂದುಹಾಕದಂತೆ ಅಮಿನೋಆಕ್ಸಿಅಸಿಟಿಕ್ ಆಮ್ಲ ಬೇಕು. ಪಂಪಿಗೆ ಸೋಡಿಯಂ ಇಲ್ಲದೆ ನಡೆಯದು. ಆದ್ದರಿಂದ ಸೋಡಿಯಂ ಬದಲು ಕೊಲಿನ್ ಹಾಕಿದ ನಳಿಕೆಯೊಂದು ಜತೆಗಿರಲೇಬೇಕು, ಸುಮ್ಮನೆ ಅಂಟಿಕೊಂಡದ್ದು ಎಷ್ಟು ಎಂದು ಅದೇ ಹೇಳುತ್ತದೆ.

ಇಡೀ ಎಕ್ಸ್‌ಟ್ರಾಕ್ಟನ್ನು ಇದಕ್ಕೆ ಸುರಿದರೆ ಸಂಖ್ಯೆ ಚೆನ್ನಾಗಿಯೇ ಬರುತ್ತದೆ, ಮೋಸ ಅಲ್ಲೇ. ಸಸ್ಯಗಳಲ್ಲೇ ಗಾಬಾ ಇರುತ್ತದೆ. ಗುರುತಿನ ಗಾಬಾಕ್ಕೆ ಅದು ಪೈಪೋಟಿ ಕೊಟ್ಟು, ಹೊಸ ಔಷಧಿ ಸಿಕ್ಕಿತು ಎಂಬ ಭ್ರಮೆ ಹುಟ್ಟಿಸುತ್ತದೆ. ಅಡಿಕೆಯ ಚೊಗರು ಇನ್ನೂ ಕೆಟ್ಟದ್ದು: ಆ ಟ್ಯಾನಿನ್‌ಗಳು ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತವೆ, ಯಾವ ರಿಸೆಪ್ಟರ್ ಇಟ್ಟರೂ ‘ತಡೆ’ ಕಾಣಿಸುತ್ತದೆ. ಮೊದಲು ಪಾಲಿವಿನೈಲ್‌ಪೈರೊಲಿಡೋನ್‌ನಲ್ಲಿ ಚೊಗರು ತೆಗೆಯಬೇಕು. ಶುದ್ಧ ಅರೆಕೊಲಿನ್ ಕೊಂಡರೂ ಅದನ್ನು ಕ್ಷಾರ ದ್ರಾವಣದಲ್ಲಿ ಇಟ್ಟರೆ ಬರಬರುತ್ತಾ ಅರೆಕೈಡಿನ್ ಆಗಿಬಿಡುತ್ತದೆ. ಬಾಟಲಿಯ ಚೀಟಿ ಮಾತ್ರ ಹಳೆಯದು. ಸ್ವಲ್ಪ ಆಮ್ಲದಲ್ಲಿ, ತಣ್ಣಗೆ ಇಡಬೇಕು.

ಇಲ್ಲಿನವರದು ಎಲ್ಲವೂ ಸರಿ ಎಂದಲ್ಲ. ಅಣು ಕೈಗೆ ಸಿಕ್ಕಮೇಲೆ ಕಾಯಿಯನ್ನು ಮರೆತರು. ಹೊಸ ಚಾಲಿಗೂ (ಈ ಫಸಲಿನ ಒಣ ಅಡಿಕೆ) ಡಬಲ್ ಚೋಲಿಗೂ (ವರ್ಷಗಟ್ಟಲೆ ಇಟ್ಟ ಹಳೆ ಅಡಿಕೆ) ಸೊಕ್ಕಿನಲ್ಲಿ ಏನು ವ್ಯತ್ಯಾಸ ಎಂಬ ಪ್ರಶ್ನೆ ಡೆನ್ಮಾರ್ಕಿನಲ್ಲಿ ಹುಟ್ಟಲಾರದು, ಮಂಗಳೂರಿನ ಬಂದರಿನಲ್ಲಿ ಹುಟ್ಟಬಲ್ಲದು. ಅದಕ್ಕೆ ದೊಡ್ಡ ಲ್ಯಾಬ್ ಬೇಡ. ಎರಡೂ ಅಡಿಕೆಯನ್ನು ಪುಡಿ ಮಾಡಿ, ಸುಣ್ಣ ಹಾಕಿ ಮತ್ತು ಹಾಕದೆ, 1, 5, 15 ನಿಮಿಷಕ್ಕೆ ಆಮ್ಲ ಬೆರೆಸಿ ತಡೆದು, ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ನೇರಳಾತೀತ ಬೆಳಕಿನ 215 ನ್ಯಾನೊಮೀಟರ್‌ಗೆ ಅರೆಕೊಲಿನ್ ಎಷ್ಟು ಉಳಿಯಿತು ಎಂದು ನೋಡಿದರಾಯಿತು. ಎಣ್ಣೆಗೆ ಒಗ್ಗುವ ಅಣುಗಳನ್ನು ಹಿಡಿಯುವ ಸಿ-18 ಕಾಲಮ್ ಮಾತ್ರ ಬೇಡ, ಈ ಅಣುಗಳು ಅದರಲ್ಲಿ ನಿಲ್ಲದೆ ಓಡಿಬಿಡುತ್ತವೆ. ಧನ ವಿದ್ಯುದಂಶದ ಅಣುಗಳನ್ನು ಹಿಡಿಯುವ ಕ್ಯಾಟಯಾನ್ ಎಕ್ಸ್‌ಚೇಂಜ್ ಕಾಲಮ್ ಹಾಕಿ.